ಸೋಮವಾರ ರಜೆ

ಹನ್ನೊಂದು ವರ್ಷದಿಂದ ಹಿಂದಿನ ಡೋರಿಗೆ ಜೋತುಬಿದ್ದು
ದಿನಕ್ಕೆ ಎಂಟು ಸಲ ಕೂಗಿದ್ದೇನೆ ಅದರ ಹೆಸರು:
ನಂತೂರು, ಬಿಕರ್ನಕಟ್ಟೆ, ಕುಲಶೇಖರ, ಕುಡುಪು,
ವಾಮಂಜೂರು, ಪಿಲಿಕುಳ, ಪಿಲಿಕುಳಾ...
ಕೊನೆಯ ಅಕ್ಷರ ಎಳೆಯುವುದು ನನ್ನ ಅಭ್ಯಾಸ,
ಓಡಿ ಬರುವವರಿಗೆ ಅಷ್ಟು ಹೊತ್ತಾದರೂ ಸಿಗಲಿ ಎಂದು.
ಪಿಲಿ ಎಂದರೆ ಹುಲಿ. ಕೂಗುವಾಗ ಅದೆಲ್ಲ ನೆನಪಿರುವುದಿಲ್ಲ.
ಗೇಟಿನೊಳಗೆ ಒಂದು ದಿನವೂ ಕಾಲಿಟ್ಟವನಲ್ಲ.

ಆದರೂ ಒಳಗಿನ ಸಮಾಚಾರ ನನಗೆ ಗೊತ್ತುಂಟು.
ಸಂಜೆಯ ಟ್ರಿಪ್ಪಿನಲ್ಲಿ ಮಕ್ಕಳು ವರದಿ ಒಪ್ಪಿಸುತ್ತಾರೆ:
ಹುಲಿ ಮಲಗಿತ್ತು.
ಇಲ್ಲ, ಮಲಗಿದ ಹಾಗೆ ಮಾಡಿತ್ತು.
ಬರೀ ಬಾಲ ಕಂಡಿತು, ಮಾಮ ಎತ್ತಿಕೊಳ್ಳಲೇ ಇಲ್ಲ.
ನೀರಾನೆ ಬಾಯಿ ತೆರೆದರೆ ಈ ಬಸ್ಸಿನ ಬಾಗಿಲಷ್ಟಂತೆ.
ಒಬ್ಬ ಮುದುಕರು ಚಿಲ್ಲರೆ ಎಣಿಸುತ್ತಾ ಮೆಲ್ಲ ಹೇಳಿದರು,
ಆ ಕರಡಿಗೂ ನನ್ನ ಹಾಗೇ ಮಂಡಿನೋವು,
ನಡಿಗೆ ನೋಡಿಯೇ ಗೊತ್ತಾಯಿತು.

ಮೊನ್ನೆ ರಾತ್ರಿ ಹಳೆಯ ಟ್ರಿಪ್ ಶೀಟಿನ ಬೆನ್ನಿಗೆ
ನನ್ನ ರೆನಿಟಾ ಪಟ್ಟಿ ಬರೆದಳು:
ಮೊದಲು ಹುಲಿ. ಆಮೇಲೆ ಹಾವು, ಹಕ್ಕಿ, ಮೊಸಳೆ.
ಮತ್ತೊಮ್ಮೆ ಹುಲಿ. ಊಟ.
ಕೊನೆಗೆ ಇನ್ನೊಮ್ಮೆ ಹುಲಿ, ಅಷ್ಟರಲ್ಲಿ ಎದ್ದಿದ್ದರೆ ಅಂತ.
ಸೆವ್ರಿನ್ ಲೆಕ್ಕ ಹಾಕಿದಳು, ದೊಡ್ಡವರು ಮೂರು, ಚಿಕ್ಕದು ಒಂದು,
ಅತ್ತೆಗೆ ಬ್ಯಾಟರಿ ಗಾಡಿ, ಒಂದು ಕೊಡೆ, ಎರಡು ಬಾಟಲಿ ನೀರು,
ಮೊಟ್ಟೆ ಪಲ್ಯ ಇಟ್ಟ ಬ್ರೆಡ್ಡು, ಗೇಟಿನಲ್ಲಿ ಹಿಡಿದರೆ ಹೊರಗೇ ತಿನ್ನುವುದು.
ಅತ್ತೆ ಬೆನೆಡಿಕ್ತಾ ಮೂಲೆಯಿಂದಲೇ ತಕರಾರು ತೆಗೆದರು:
ಹುಲಿ ನೋಡುವುದಕ್ಕೆ ದುಡ್ಡು ಎಂತಕ್ಕೆ?
ನಮ್ಮ ಕಾಲದಲ್ಲಿ ಅದೇ ಕೋಳಿಗೂಡಿನ ತನಕ ಬರುತ್ತಿತ್ತು, ಪುಕ್ಕಟೆ.
ಅದು ಚಿರತೆ ಮಾಯ್, ಎಂದೆ.
ಕತ್ತಲಲ್ಲಿ ಎಲ್ಲವೂ ಹುಲಿಯೇ, ಎಂದರು.

ದಿನ ಯಾವುದು?
ಆದಿತ್ಯವಾರ ಧಣಿ ರಜೆ ಕೊಡುವುದಿಲ್ಲ, ಅವತ್ತೇ ಕಲೆಕ್ಷನ್.
ನನ್ನ ರಜೆ ಸೋಮವಾರ.
ರೆನಿಟಾ ದೊಡ್ಡದಾಗಿ ಬರೆದಳು, ಸೋಮವಾರ,
ಅಡಿಗೆ ಎರಡು ಗೆರೆ ಎಳೆದಳು.

ನನಗೆ ಗೊತ್ತಿತ್ತು.
ಪಟ್ಟಿ ಶುರುವಾದಾಗಲೇ ಗೊತ್ತಿತ್ತು.
ಮುಗಿಯುವ ತನಕ ಬಾಯಿ ಬಿಡಲಿಲ್ಲ, ಅಷ್ಟೆ.
ಅಲ್ಲಿಗೂ ಸೋಮವಾರವೇ ರಜೆ ಮಗಾ, ಎಂದೆ.

ಅವಳು ಅಳುತ್ತಾಳೆ ಎಂದುಕೊಂಡೆ.
ಪೆನ್ಸಿಲು ಕಚ್ಚಿಕೊಂಡು ಕೇಳಿದಳು:
ಅಂದರೆ ಹುಲಿಗೂ ನಿಮಗೂ ಒಂದೇ ದಿನ ರಜೆಯಾ?
ಅವತ್ತು ಅದು ಎಂತ ಮಾಡ್ತದೆ?
ನನ್ನ ಹಾಗೇ, ಎಂದೆ. ಮಲಗುತ್ತದೆ.
ಟಿಕೆಟ್ ಕೊಟ್ಟು ನೋಡುವವರು ಯಾರೂ ಇಲ್ಲವಲ್ಲ,
ನಿಧಾನಕ್ಕೆ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ.
ಸೆವ್ರಿನ್ ನನ್ನ ಮುಖ ನೋಡಿದಳು,
ನೋಡಿ, ಬ್ರೆಡ್ಡಿನ ಲೆಕ್ಕಕ್ಕೆ ತಿರುಗಿದಳು.

ಸ್ಟೇಟ್‌ಬ್ಯಾಂಕಿನಲ್ಲಿ ಟಯರಿಗೆ ಒರಗಿ ಚಹಾ ಕುಡಿಯುತ್ತಾ
ಡ್ರೈವರ್ ದೂಮಪ್ಪನಿಗೆ ಹೇಳಿದೆ.
ಅವನು ಗ್ಲಾಸು ಕೆಳಗಿಟ್ಟ. ಬುಧವಾರ ಮಾಡು ಮಾರಾಯ,
ಪರೀಕ್ಷೆ ಮುಗಿದ ಮರುದಿನ. ಬದಲಿ ಜನ ನಾನು ಹುಡುಕುತ್ತೇನೆ.
ಒಂದು ದಿನದ ಸಂಬಳ ಹೋಗುತ್ತದೆ, ಹೋಗಲಿ.
ನೀನು ಸೀಟಿನಲ್ಲಿ ಕೂತುಕೋ,
ಸೀಟಿ ಮಾತ್ರ ಊದಬೇಡ, ನನ್ನ ಕಾಲು ತಾನಾಗಿ ಬ್ರೇಕಿಗೆ ಹೋದೀತು.

ಹಾಗೆ ಬುಧವಾರವಾಯಿತು.
ಗೊತ್ತಿಲ್ಲದ ಹುಡುಗನೊಬ್ಬನಿಂದ ನಾಲ್ಕು ಟಿಕೆಟ್ ಪಡೆದು
ಚಿಲ್ಲರೆ ಸರಿಯುಂಟೋ ನೋಡದೆ ಕಿಸೆಗೆ ಹಾಕಬೇಕು.
ಕುಡುಪು ದಾಟುವಾಗ ಗಂಟಲು ತುರಿಸೀತು,
ಕಿಟಕಿಯ ಹೊರಗೆ ನೋಡಬೇಕು.

ರೆನಿಟಾ ಪಟ್ಟಿಯ ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದಾಳೆ:
ಪಪ್ಪ ಬಸ್ಸಿನಲ್ಲಿ ಕೂಗಬಾರದು.
ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ:
ಒಳಗೆ ಒಮ್ಮೆ ಕೂಗಬಹುದು,
ಹುಲಿ ಏಳದಿದ್ದರೆ.