ಕಪ್ಪು ಚೀಲ

ಎದುರು ಮನೆಯ ಕೀಗನ್‌ನನ್ನು ಕರೆದೊಯ್ದ ದಿನ
ಅವನ ಅಂಗಿ, ಚಡ್ಡಿ, ಬಾಲ ಕಿತ್ತ ಡೈನೋಸಾರ್
ಎಲ್ಲ ಒಂದೇ ಕಪ್ಪು ಕಸದ ಚೀಲದೊಳಗೆ ಹೋದವು.
ಕಿಟಕಿಯಿಂದ ನೋಡಿದ್ದೆ. ನನಗಾಗ ಒಂಬತ್ತು.
ಅಂದಿನಿಂದ ಸಿಂಕಿನ ಕೆಳಗೆ
ಮಡಿಸಿಟ್ಟ ಚೀಲಗಳನ್ನು ದಿನಾ ಎಣಿಸುತ್ತಿದ್ದೆ.
ಒಂದು ಕಡಿಮೆಯಾದರೂ ಎದೆ ಧಸಕ್ಕೆನ್ನುತ್ತಿತ್ತು.

ಈರಿ ಸರೋವರದ ಗಾಳಿ ಆ ವರ್ಷ
ಬಾಗಿಲ ಸಂದಿಗೆ ತುರುಕಿದ ಟವೆಲನ್ನೂ ಹಾದು ಬರುತ್ತಿತ್ತು.
ಗ್ಯಾಸು ನಿಲ್ಲಿಸಿ ಹನ್ನೊಂದು ದಿನ.
ಅಮ್ಮನಿಗೆ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ,
ಬಾಟಲಿಯ ಮುಚ್ಚಳ, ಬೆಳಗಿನ ತನಕ ಮುಚ್ಚಳ.
ನಾನು ಟೋಬಿನ್‌ಗೆ ಕೋಟು ತೊಡಿಸಿ ಮಲಗಿಸುತ್ತಿದ್ದೆ.
ಯಾರು ಬಾಗಿಲು ತಟ್ಟಿದರೂ
ಉಸಿರು ಬಿಗಿಹಿಡಿದು ಬಿದ್ದಿರಬೇಕು.
ಅದು ಅಮ್ಮ ಕಲಿಸಿದ ಆಟ.

ಯಾರೋ ಫೋನು ಮಾಡಿದರು.
ಯಾರೆಂದು ಇಂದಿಗೂ ತಿಳಿಯದು.
ಹೊಟ್ಟೆಕಿಚ್ಚೋ ಕನಿಕರವೋ,
ಎರಡಕ್ಕೂ ನಂಬರು ಒಂದೇ.

ಮಂಗಳವಾರ ಬಂದಳು ಒಡೆಸ್ಸಾ ಪ್ರುಯಿಟ್, ಕೌಂಟಿಯ ಕಡೆಯವಳು.
ಕುತ್ತಿಗೆಯಲ್ಲಿ ಗುರುತಿನ ಚೀಟಿ, ಮೆಟ್ಟಿಲಿಗೊಮ್ಮೆ ಮಂಡಿನೋವು,
ಕೈಯಲ್ಲಿ ಕಪ್ಪು ಚೀಲ.
ಟೋಬಿನ್‌ನನ್ನು ಬಟ್ಟೆಕಪಾಟಿನೊಳಕ್ಕೆ ನೂಕಿ
ಅದರ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.
ಅಮ್ಮ ಅಳಲಿಲ್ಲ. ಕುರ್ಚಿ ಎಳೆದು ಕೊಟ್ಟಳು,
ನಾಲ್ಕೂ ಕಾಲು ನೆಟ್ಟಗಿದ್ದದ್ದನ್ನೇ ಆರಿಸಿ.

ಚೀಲ ಬಿಚ್ಚಿದರೆ
ಎರಡು ಕಂಬಳಿ,
ಹೊಗೆ ಕಂಡರೆ ಕೂಗುವ ಬಿಳಿ ಡಬ್ಬಿ, ಅದರ ಬ್ಯಾಟರಿ,
ಒಂದು ಸ್ಕ್ರೂಡ್ರೈವರು, ಓಟ್ಸ್.
"ಸುಮ್ಮನೆ ಕೂತಿದ್ದೀಯಲ್ಲ, ಸ್ಟೂಲು ಹಿಡಿ" ಎಂದಳು ನನಗೆ.
ಹಿಡಿದೆ.

ಆರು ವಾರ ಬಂದಳು.
ಗ್ಯಾಸ್ ಕಂಪನಿಯವರ ಜೊತೆ
ನಮ್ಮ ಅಡುಗೆಮನೆಯಿಂದಲೇ ಮುಕ್ಕಾಲು ಗಂಟೆ ಜಗಳವಾಡಿದಳು,
ಬಿಲ್ಲಿನ ಅರ್ಧ ಸರ್ಕಾರದ ತಲೆಗೆ ಕಟ್ಟಿದಳು.
ಹಗಲು ಪಾಳಿ ಕೇಳುವುದು ಹೇಗೆಂದು ಕಲಿಸಲು
ತಾನೇ ಫೋರ್‌ಮನ್ ಆಗಿ ಹುಬ್ಬು ಗಂಟಿಕ್ಕಿದಾಗ
ಅಮ್ಮ ನಕ್ಕಳು, ಮುಂದಿನ ಒಡೆದ ಹಲ್ಲು ಕಂಡಿತು.

ಆದರೆ ಎಲ್ಲ ಬರೆದುಕೊಳ್ಳುತ್ತಿದ್ದಳು.
ಫ್ರಿಜ್ಜಿನಲ್ಲಿ ಹಾಲೆಷ್ಟು, ನಾವು ಮಲಗಿದ್ದೆಷ್ಟಕ್ಕೆ.
ಒಂದು ಗುರುವಾರ ಅಮ್ಮ ಕಿರುಚಿದಳು:
"ಇವರನ್ನು ಹೆತ್ತದ್ದು ನಾನು, ನಿನ್ನ ನೋಟ್‌ಬುಕ್ಕೇ?"
ಒಡೆಸ್ಸಾ ಪೆನ್ನಿಗೆ ಮುಚ್ಚಳ ಹಾಕಿ
ಸಿಂಕಿನಲ್ಲಿದ್ದ ಪಾತ್ರೆ ತೊಳೆಯತೊಡಗಿದಳು.
ಆ ಮಾತನ್ನು ಆಮೇಲೆ ಬರೆದಳೋ ಇಲ್ಲವೋ.

ಏಳನೆಯ ವಾರ ಬರಲಿಲ್ಲ. ಅದು ನಿಯಮವಂತೆ.
ಕೀಗನ್ ಮರಳಲೇ ಇಲ್ಲ.
ಅವರ ಮನೆಯಲ್ಲಿ ಯಾರಾದರೂ ಸ್ಟೂಲು ಹತ್ತಿದ್ದರೇ
ಎಂದು ಕೇಳುವಷ್ಟು ದೊಡ್ಡವಳಾಗುವ ಹೊತ್ತಿಗೆ
ಆ ಮನೆಯೇ ಇರಲಿಲ್ಲ.

ಟೋಬಿನ್‌ಗೆ ಈಗ ಮೂವತ್ತೊಂದು.
ಅವನಿಗೆ ಒಡೆಸ್ಸಾಳ ಮುಖ ನೆನಪಿಲ್ಲ.
ಕೇಳಿದರೆ ಹೇಳುತ್ತಾನೆ:
ಕತ್ತಲೆ, ಒದ್ದೆ ಬೂಟಿನ ವಾಸನೆ,
ನಿನ್ನ ಬೆನ್ನು ಬಾಗಿಲಿನಿಂದ ಎದ್ದದ್ದು,
ಹೊರಗೆ ಯಾರೋ ನಿಧಾನವಾಗಿ
ಸ್ಕ್ರೂ ತಿರುಗಿಸುವ ಸದ್ದು.