ಗಾಳಿಗೆ ಬಂದ ಬಿಲ್ಲು

ಕಿಸುಮುವಿನಲ್ಲಿ ನೀರಿಗೆ ಬರವಿಲ್ಲ.
ನನ್ನ ಸಲೂನಿನ ಹೊಸ್ತಿಲಲ್ಲಿ ನಿಂತರೆ
ಎರಡು ತಗಡಿನ ಮಾಡುಗಳ ಸಂದಿಯಲ್ಲಿ
ಸರೋವರ ಕಾಣುತ್ತದೆ, ಅಂತರಗಂಗೆ ಹೊದ್ದು
ಮಧ್ಯಾಹ್ನವಾದರೂ ಏಳದ ಸೋಮಾರಿಯ ಹಾಗೆ.

ನಲ್ಲಿಯಲ್ಲಿ ಮಾತ್ರ ಗಾಳಿ.
ತಿರುಗಿಸಿದರೆ ಮೊದಲು ಕೆಮ್ಮುತ್ತದೆ,
ಆಮೇಲೆ ಉಸ್ಸೆನ್ನುತ್ತದೆ,
ಆ ಉಸಿರಿಗೇ ಗೋಡೆಯ ಮೀಟರಿನ ಮುಳ್ಳು
ಮದುವೆಮನೆಯ ಹುಡುಗಿಯಂತೆ ಗಿರ್ರನೆ ಸುತ್ತುತ್ತದೆ.
ತಿಂಗಳ ಕೊನೆಗೆ ಬಿಲ್ಲು: ಹದಿನೆಂಟು ಯೂನಿಟ್ಟು.
ಎರಡು ಬೇಸಿನ್ನು, ಒಂದು ಬಕೆಟ್ಟು,
ನಾಲ್ಕು ವಾರದಿಂದ ಒಣಗಿದ ಮೂರೂ ಸೇರಿ
ಹದಿನೆಂಟು ಯೂನಿಟ್ಟು ಗಾಳಿ ಕುಡಿದಿವೆ.

ನೀರು ತರುವವನು ಒಪೊಂಡೊ.
ತಳ್ಳುಗಾಡಿಯಲ್ಲಿ ಇಪ್ಪತ್ತು ಹಳದಿ ಕ್ಯಾನು.
ಎಲ್ಲಿಂದ ತರುತ್ತೀಯೋ ಎಂದರೆ
ಗದ್ದ ಎತ್ತಿ ತೋರಿಸುತ್ತಾನೆ, ಗುಡ್ಡದ ಮೇಲಿನ ಟ್ಯಾಂಕು,
ಅದೇ ಕಚೇರಿಯ ಟ್ಯಾಂಕು.
'ಕೊಳವೆಯಲ್ಲಿ ಬಂದರೆ ದಾರಿ ತಪ್ಪುತ್ತದೆ ಅವೂರ್,
ಗಾಡಿಯಲ್ಲಾದರೆ ನೆಟ್ಟಗೆ ಬರುತ್ತದೆ.'
ನಕ್ಕೆ. ಸೋಪು ಹಚ್ಚಿದ ತಲೆಯೊಂದು ಒಳಗೆ ಕಾಯುತ್ತಿತ್ತು,
ಚೌಕಾಸಿ ಮಾಡಲಿಲ್ಲ.

ಕಚೇರಿಗೆ ನಾಲ್ಕು ಸಲ ಹೋದೆ.
ಮೊದಲ ಸಲ ಕಂಪ್ಯೂಟರಿಗೆ ಹುಷಾರಿರಲಿಲ್ಲ.
ಎರಡನೆಯ ಸಲ ಕಂಪ್ಯೂಟರು ಗಟ್ಟಿಮುಟ್ಟಾಗಿತ್ತು,
ಸಾಹೇಬರಿಗೆ ಹುಷಾರಿರಲಿಲ್ಲ.
ಮೂರನೆಯ ಸಲ ಅರ್ಜಿ ನೀಲಿ ಶಾಯಿಯಲ್ಲಿತ್ತು, ಕಪ್ಪು ಬೇಕಿತ್ತು.
ಗೋಡೆಯ ಮೇಲೆ ಫಲಕ: ಇದು ಲಂಚಮುಕ್ತ ವಲಯ.
ಅದರ ಮೊಳೆಗೆ ಯಾರೋ ಕೊಡೆ ನೇತುಹಾಕಿದ್ದರು.

ನಾಲ್ಕನೆಯ ಸಲ ಮೂರನೇ ಕೌಂಟರಿನ ಹೆಂಗಸು
ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿದಳು,
ನನ್ನ ಮುಖ ನೋಡಿದಳು,
'ಅಬ್ಬಾ, ಬಾಯಾರಿಕೆ' ಎಂದಳು, ಯಾರಿಗೂ ಅಲ್ಲವೆಂಬಂತೆ.
ನಮ್ಮಲ್ಲಿ ಅದಕ್ಕೆ ಚಹಾ ಅನ್ನುತ್ತಾರೆ.
ಹಾಲು ಬೇಡ, ಸಕ್ಕರೆ ಬೇಡ, ಲೋಟವೂ ಬೇಡ,
ಎರಡು ಸಾವಿರ ಶಿಲ್ಲಿಂಗಿನ ಚಹಾ.

ನಾನು ಚಿಕ್ಕವಳಿದ್ದಾಗ ಮೀಟರು ಓದಲು ಬರುತ್ತಿದ್ದವನು
ಅವ್ವ ಕರಿದು ಕೊಟ್ಟ ಮಂದಾಜಿಯನ್ನೂ ಮುಟ್ಟುತ್ತಿರಲಿಲ್ಲ,
'ಡ್ಯೂಟಿ ಅಮ್ಮಾ' ಎಂದು ಪೆನ್ಸಿಲನ್ನು ಕಿವಿಗೇರಿಸುತ್ತಿದ್ದ.
ಅವನು ಒಳ್ಳೆಯವನೋ, ಮಂದಾಜಿ ಸೇರದವನೋ,
ಕೇಳೋಣವೆಂದರೆ ಅವನೂ ಇಲ್ಲ, ಅವ್ವನೂ ಇಲ್ಲ.

ಶನಿವಾರ ರೇಡಿಯೋದಲ್ಲಿ
ಮಂತ್ರಿಯೊಬ್ಬನ ಮೇಲೆ ಕೋಟಿಗಟ್ಟಲೆಯ ಆರೋಪ.
ಗಿರಾಕಿಗಳೆಲ್ಲ ಸೇರಿ ಅವನನ್ನು ಜೈಲಿಗೆ ಹಾಕಿದೆವು,
ಸಾಲದೆಂದು ಗಲ್ಲಿಗೂ ಏರಿಸಿದೆವು.
ಬಾಚಣಿಗೆ ಎತ್ತಿ ಎತ್ತಿ ಮಾತಾಡಿದವಳು ನಾನೇ.
ಸೋಮವಾರ ಬೆಳಿಗ್ಗೆ ಬಿಲ್ಲಿನ ಮಡಿಕೆಯೊಳಗೆ
ಎರಡು ನೋಟು ಇಟ್ಟು, ಕೌಂಟರಿನ ಕಿಂಡಿಯಲ್ಲಿ ತೂರಿಸಿದೆ.
ಕೈ ನಡುಗಲಿಲ್ಲ.
ನಡುಗೀತೆಂದುಕೊಂಡಿದ್ದೆ.

ಮಂಗಳವಾರವೇ ಇಬ್ಬರು ಬಂದರು. ಬೀದಿಯ ತುದಿಯಲ್ಲಿ ಅಗೆದು
ಯಾವುದೋ ಕೀಲನ್ನು ಅರ್ಧ ಸುತ್ತು ತಿರುಗಿಸಿದರು, ಅಷ್ಟೇ.
ಕೆಸರು ಮೊದಲು, ಆಮೇಲೆ ತುಕ್ಕು, ಆಮೇಲೆ ನೀರು.
ಬೇಸಿನ್ನಿನಲ್ಲಿ ಕೈ ಅದ್ದಿ ಸುಮ್ಮನೆ ನಿಂತೆ.
ಕೊಳೆಯಾಗದ ಟವೆಲ್ಲುಗಳನ್ನೂ ಒಗೆದೆ.

ಶುಕ್ರವಾರ ಎದುರುಮನೆಯ ಒಬುರಾ ಅಜ್ಜ ಬಂದ,
ಒಮೆನಾ ಮೀನು ಒಣಗಿಸಿ ಮಾರುವವನು,
ಕೈಯಲ್ಲಿ ಖಾಲಿ ಕ್ಯಾನು.
ಬುಧವಾರದಿಂದ ಅವನ ನಲ್ಲಿ ಕೆಮ್ಮುತ್ತಿದೆಯಂತೆ,
ಅಲ್ಲಿಯವರೆಗೆ ಸಣ್ಣಗಾದರೂ ಬರುತ್ತಿತ್ತಂತೆ.
ನನ್ನ ಬೇಸಿನ್ನಿನ ಸದ್ದು ಕೇಳುತ್ತಾ ನಿಂತ.
'ನಿನಗೆ ಹೇಗೆ ಬಂತಮ್ಮಾ?'
ಬೈಯುವ ದನಿಯಲ್ಲ, ದಾರಿ ಕೇಳುವವನ ದನಿ.

ಕ್ಯಾನು ತುಂಬಿಸಿಕೊಟ್ಟೆ. ಬಾಗಿಲು ಮುಂದೆ ಮಾಡಿ ಹೇಳಿದೆ:
ಮೂರನೇ ಕೌಂಟರು. ಬೆಳಿಗ್ಗೆ ಹೋಗಿ. ಇಷ್ಟು.

ಅಜ್ಜ ಬೆರಳು ಮಡಚುತ್ತಾ ಲೆಕ್ಕ ಹಾಕಿದ,
ಬಿಡಿಸಿದ, ಮತ್ತೆ ಮಡಚಿದ.
ಆಮೇಲೆ ಕೇಳಿದ:
'ಮೀನು ತಗೊಳ್ಳುತ್ತಾರಾ?'