ವಾಪಸು ಕೌಂಟರು

ರೂವಿಯ ಹೈಪರ್ ಮಾರ್ಕೆಟ್ಟಿನ ತಳಮಹಡಿ,
ಟ್ರಾಲಿಗಳು ಒಂದರೊಳಗೊಂದು ತೂರಿ ನಿಲ್ಲುವ ಮೂಲೆ,
ಅಲ್ಲಿ ನನ್ನ ಕೌಂಟರು.
ಬೆನ್ನ ಹಿಂದೆ ಅರಬಿ, ಇಂಗ್ಲಿಷಿನ ನೋಟೀಸು:
ಈ ಮಾದರಿಯ ರೈಸ್ ಕುಕ್ಕರ್, ಈ ಬ್ಯಾಚು,
ತಳದ ವಯರು ಕಾದು ಬೆಂಕಿ ಹತ್ತಬಹುದು.
ಬಳಸಬೇಡಿ. ತಂದುಕೊಡಿ. ಹಣ ಪಡೆಯಿರಿ.
ಕನ್ನಡದಲ್ಲಿ ಅಷ್ಟನ್ನೂ ಬಾಯಲ್ಲೇ ಹೇಳುವವನು ನಾನೊಬ್ಬ:
"ಇವತ್ತೇ ತಂದುಬಿಡಿ ಮಾರಾಯ್ರೇ, ನಾಳೆ ಅನ್ನಬೇಡಿ."

ಮುನ್ನೂರ ನಲವತ್ತು ಮಾರಿದ್ದೆವು.
ಅರ್ಧಕ್ಕರ್ಧ ನನ್ನ ನಾಲಿಗೆಯೇ ಮಾರಿದ್ದು,
ರಂಜಾನಿನ ಆಫರು, ಜೊತೆಗೊಂದು ಸೌಟು ಪುಕ್ಕಟೆ.

ಮತ್ರಾದ ಮೀನಿನ ಕಟ್ಟೆಯಿಂದ ವಿಠೋಬ ಖಾರ್ವಿ ಬಂದ.
ಕುಕ್ಕರ್ ಕೊಟ್ಟ, ಒಳಗಿನ ಪಾತ್ರೆ ಕಂಕುಳಲ್ಲೇ ಉಳಿಯಿತು.
"ಬೆಂಕಿ ಹಿಡೂದ್ ತಳಕ್ಕಲ್ದಾ?
ಇದ್ ಎಂತ ಪಾಪ ಮಾಡಿತ್ತ್?"
ಡಾಕ್ಟರರ ಹೆಂಡತಿ ಬಿಲ್ಲಿನ ಸಮೇತ ಬಂದು
ಪಿಸುಗುಟ್ಟಿದರು: ಸೌಟೂ ಕೊಡಬೇಕಾ?
ಗಾಲಾ ಕ್ಯಾಂಪಿನ ಹುಡುಗನೊಬ್ಬ
ಕರಿಬಿದ್ದ ತಳವನ್ನು ಮೇಜಿನ ಮೇಲಿಟ್ಟು
ಪಕ್ಕದಲ್ಲಿ ತನ್ನ ಅಂಗೈ ಇಟ್ಟ, ಬೊಬ್ಬೆ ಒಡೆದದ್ದು.
"ಇದಕ್ಕೆಷ್ಟು ಕೊಡ್ತಾರೆ?" ಎಂದು ನಕ್ಕ.
ಫಾರಮ್ಮಿನಲ್ಲಿ ಅದಕ್ಕೆ ಚೌಕವಿರಲಿಲ್ಲ.
ಅಂಚಿನ ಬಿಳಿ ಜಾಗದಲ್ಲಿ ಬರೆದೆ: ಕೈ, ಬಲ.

ಸಮಾಯಿಲ್‌ನಿಂದ ಬಂದ ಅಜ್ಜಿ
ಹೂವಿನ ಬಟ್ಟೆಯ ಗಂಟು ಬಿಚ್ಚಿದರು.
ಫಳಫಳ ತೊಳೆದ ಕುಕ್ಕರ್. ಮುಚ್ಚಳ ತೆಗೆದರೆ
ಕತ್ತಿನವರೆಗೆ ಖರ್ಜೂರ.
"ಇದನ್ನು ಒಡೆದು ಹಾಕ್ತಾರೆ, ಹಬೂಬಾ," ಎಂದೆ
ನನ್ನ ಮುರುಕು ಅರಬಿಯಲ್ಲಿ.
"ಒಡೆಯಲಿ. ಪಾತ್ರೆ ಬರಿದೇ ಕೊಡಬಾರದು."
ಬಸ್ರೂರಿನ ನಮ್ಮ ಕೇರಿಯಲ್ಲೂ
ನೆರೆಮನೆಯ ಬಟ್ಟಲು ಬರಿದೇ ಮರಳಿದ್ದಿಲ್ಲ,
ಏನಿಲ್ಲವೆಂದರೆ ನಾಲ್ಕು ಹರಳು ಸಕ್ಕರೆ.
ಹೇಳಲು ಅರಬಿ ಸಾಲಲಿಲ್ಲ. ತಲೆಯಾಡಿಸಿದೆ.

ಸಂಜೆ ಇಕ್ಕಳ ಹಿಡಿದು ಕೂತು
ಒಂದೊಂದರ ಪ್ಲಗ್ಗನ್ನೂ ಕತ್ತರಿಸುವುದು ನಿಯಮ,
ಕಸದಿಂದ ಯಾರೂ ಎತ್ತಿಕೊಂಡು ಹೋಗದ ಹಾಗೆ.
ಖರ್ಜೂರ ತಿನ್ನುತ್ತಾ ಕತ್ತರಿಸಿದೆ.

ಎಂಬತ್ತೊಂದು ಬರಲಿಲ್ಲ.
ಎಲ್ಲಿವೆಯೆಂದು ಕಂಪೆನಿಗೆ ಗೊತ್ತಿಲ್ಲ, ನನಗೆ ಗೊತ್ತು:
ಕಾರ್ಗೋ ಪೆಟ್ಟಿಗೆಗಳಲ್ಲಿ, ಕಂಬಳಿಗೂ ಹಾಲಿನ ಪುಡಿಗೂ ನಡುವೆ,
ಹಳದಿ ಟೇಪಿನೊಳಗೆ, ನೀಲಿ ಹಗ್ಗದೊಳಗೆ,
ಭಟ್ಕಳಕ್ಕೆ, ಕುಂಬಳೆಗೆ, ಗಂಗೊಳ್ಳಿಗೆ.
ಕುಕ್ಕರ್ ಕಡಲು ದಾಟಿತು, ನೋಟೀಸು ದಾಟಲಿಲ್ಲ.

ಅದರಲ್ಲೊಂದು ನಾನೇ ಕಟ್ಟಿದ್ದು.
ಅಕ್ಕನಿಗೆ ಫೋನು ಹಚ್ಚಿದೆ:
"ಪ್ಲಗ್ ತೆಗಿ ಮೊದಲು, ಆಮೇಲೆ ಮಾತು."
"ಎಂತ ಪ್ಲಗ್ಗ್? ಅದ್ರಗೆ ಕುಚ್ಲಕ್ಕಿ ಬೇಯತ್ತಾ?
ಪ್ಲಾಸ್ಟಿಕ್ ಸೈತ ತೆಗಿಲಿಲ್ಲೆ. ಶೋಕೇಸಗ್ ಇತ್ತ್,
ಬಂದೋರೆಲ್ಲ ಕಾಂತ್ರ್."
ಎರಡು ತಿಂಗಳ ಓವರ್‌ಟೈಮು
ಎರಡು ವರ್ಷ ಗಾಜಿನ ಹಿಂದೆ ಕೂತಿದೆ!
ಸಿಟ್ಟು ಗಂಟಲಿಗೆ ಬಂತು, ಅಲ್ಲೇ ಕರಗಿತು.
ಬೇಯದ ಕುಚ್ಚಲಕ್ಕಿಗೆ ಮನಸ್ಸಿನಲ್ಲೇ ಕೈಮುಗಿದೆ.
ಎಂಬತ್ತು.

ರಾತ್ರಿ ರೂಮು. ಎಂಟು ಮಂಚ, ಸಾಕೆಟ್ಟು ಒಂದೇ.
ಅಡಾಪ್ಟರಿನ ಬೆನ್ನಿಗೆ ಅಡಾಪ್ಟರ್,
ಚಾಪೆಯಡಿ ಎಕ್ಸ್‌ಟೆನ್ಷನ್ನಿನ ವಯರು,
ಏಸಿಯ ತಂತಿಯ ಮೇಲೆ ಯಾರದೋ ಒದ್ದೆ ಬನಿಯನ್ನು.
ಈ ಬ್ಯಾಚಿಗೆ ಯಾರ ನೋಟೀಸೂ ಬಂದಿಲ್ಲ.
ಕತ್ತಲಲ್ಲಿ ಎದ್ದು, ಜ್ವರ ನೋಡುವ ಹಾಗೆ
ಹಿಂಗೈಯಿಂದ ಪ್ಲಗ್ಗುಗಳನ್ನು ಮುಟ್ಟುತ್ತೇನೆ.
ಒಂದು ಬೆಚ್ಚಗಿದೆ. ತೆಗೆದೆ.
ಜಬ್ಬಾರನ ದಿಂಬಿನಡಿ ಕಾಯುತ್ತಿದ್ದ ಫೋನನ್ನು
ಮೆಲ್ಲಗೆ ಎಳೆದು ನೆಲಕ್ಕಿಟ್ಟೆ.
ನಿದ್ದೆಯಲ್ಲೇ ಬೈದ, ಬ್ಯಾರಿ ಭಾಷೆಯಲ್ಲಿ,
ನನ್ನ ಏಳು ತಲೆಮಾರಿಗೆ ತಲುಪುವಂತೆ.